ತೋಟ ಮಾರಿ ಮಗನ ಸಾಲ ತೀರಿಸಲೇ?

ಪ್ರಶ್ನೆ: ನಮ್ಮದು ಶಿರಸಿಯಿಂದ 18 ಕಿಲೋಮೀಟರ್ ಒಳಗಿರುವ ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟವಿದೆ. ನನಗೆ 61 ವರ್ಷ, ಒಬ್ಬನೇ ಮಗನಿಗೆ 27. ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಲ್ಲಿ ಕುಳಿತೇ ಮಾಡುತ್ತಾನೆ. ಮೊಬೈಲಿನಲ್ಲಿ ರಮ್ಮಿ, ಕ್ರಿಕೆಟ್ ಎಂದು ಶುರು ಮಾಡಿದವನು ಮೂರು ವರ್ಷದಲ್ಲಿ 11 ಲಕ್ಷ ಕಳೆದಿದ್ದಾನಂತೆ. 2025ರ ಚೌತಿಯ ಹೊತ್ತಿಗೆ ಸರ್ಕಾರ ಅದನ್ನೆಲ್ಲ ನಿಲ್ಲಿಸಿತು ಎಂದು ಕೇಳಿ ಉಸಿರು ಬಿಟ್ಟೆವು. ಈಗ ನೋಡಿದರೆ ಪೇಟೆಯಲ್ಲಿ ಓಸಿ ಎಂಬ ಅಂಕಿಯ ಜೂಜು ಬರೆಸುತ್ತಾನೆ, ಎರಡು ಸಲ ಗೋವಾದ ಕ್ಯಾಸಿನೊಗೂ ಹೋಗಿ ಬಂದಿದ್ದಾನೆ. ಅವನ ಆಯಿಯ ಎರಡೆಳೆ ಸರವನ್ನು ಅಡವಿಟ್ಟಿದ್ದಾನೆಂದು ಹೋದ ತಿಂಗಳು ನನಗೆ ಗೊತ್ತಾಯಿತು. ಅವಳಿಗೆ ಇನ್ನೂ ಹೇಳಿಲ್ಲ. ಪುಣ್ಯಕ್ಕೆ ಭಾವನ ಮನೆಯ ಉಪನಯನಕ್ಕೂ ಸೆಖೆ ಎಂದು ಅವಳು ಸರ ಹಾಕಿಕೊಳ್ಳಲಿಲ್ಲ. ಮುಕ್ಕಾಲು ಎಕರೆ ಕೊಟ್ಟು ಒಮ್ಮೆಲೇ ಸಾಲ ತೀರಿಸಿ, ಒಂದು ಮದುವೆ ಮಾಡಿದರೆ ಮಾಣಿ ಸರಿಹೋಗುತ್ತಾನೆ ಎಂದು ಹಿರಿಯರು ಹೇಳುತ್ತಾರೆ. ನನ್ನ ಅಪ್ಪಯ್ಯನೂ ದೀಪಾವಳಿಯಲ್ಲಿ ಬೆಳಗಿನವರೆಗೆ ಇಸ್ಪೀಟಿಗೆ ಕೂರುತ್ತಿದ್ದ. ಇದು ರಕ್ತದಲ್ಲಿ ಬಂದದ್ದೇ? ರೋಗವೇ, ಸೊಕ್ಕೇ? ನಾನೇನು ಮಾಡಲಿ?

ಉತ್ತರ: ತೋಟ ಮಾರಬೇಡಿ. ಮದುವೆಯ ಮಾತನ್ನೂ ಸದ್ಯಕ್ಕೆ ನಿಲ್ಲಿಸಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ. ಈ ಎರಡು ಮಾತು ಮೊದಲಿಗೇ ಇರಲಿ, ಏಕೆಂದರೆ ನಿಮ್ಮ ಪತ್ರದ ಧಾಟಿ ನೋಡಿದರೆ ಗಿರಾಕಿ ಆಗಲೇ ತೋಟ ಸುತ್ತಿ ಹೋದಂತಿದೆ.

ರೋಗವೇ, ಸೊಕ್ಕೇ ಎಂದು ಕೇಳಿದ್ದೀರಿ. ಮನೋವೈದ್ಯನಾಗಿ ಈ ಜಿಲ್ಲೆಯಲ್ಲಿ ಇಪ್ಪತ್ತು ವರ್ಷ ಕಳೆದಿರುವ ನನಗೆ ಈ ಪ್ರಶ್ನೆ ಬಂದಾಗಲೆಲ್ಲ ಕಾರವಾರದ ಒಬ್ಬ ನಿವೃತ್ತ ಶಿಕ್ಷಕರು ನೆನಪಾಗುತ್ತಾರೆ. 68 ವರ್ಷ. ಜೀವಮಾನದಲ್ಲಿ ಒಂದು ಲಾಟರಿ ಟಿಕೆಟ್ ಕೊಂಡವರಲ್ಲ. ಅಂಥವರು ದಿನಾ ಸಂಜೆ ಓಸಿ ಚೀಟಿ ಬರೆಸತೊಡಗಿದ್ದರು, ಪಿಂಚಣಿ ಹದಿನೈದು ದಿನಕ್ಕೆ ಖಾಲಿ. ಹೆಂಡತಿ ಅಳುತ್ತಾ ಕರೆತಂದರು. ಕೇಳುತ್ತಾ ಹೋದಾಗ ತಿಳಿದದ್ದು: ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಅವರಿಗೆ ಕೆಲವು ತಿಂಗಳ ಹಿಂದೆ ಪ್ರಾಮಿಪೆಕ್ಸೋಲ್ ಎಂಬ ಮಾತ್ರೆ ಶುರುವಾಗಿತ್ತು. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ಮಾಡುವ ಈ ಜಾತಿಯ ಮಾತ್ರೆಗಳು ಕೆಲವರಲ್ಲಿ ಜೂಜಿನ ಹುಚ್ಚು ಹತ್ತಿಸುತ್ತವೆ. ಇದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ನರರೋಗ ತಜ್ಞರೊಂದಿಗೆ ಮಾತನಾಡಿ ಮಾತ್ರೆ ಬದಲಿಸಿದ ಕೆಲವೇ ವಾರಗಳಲ್ಲಿ ಅವರಿಗೆ ಓಸಿಯ ನೆನಪೂ ಇರಲಿಲ್ಲ. ಅದು ಸೊಕ್ಕಾಗಿದ್ದರೆ ಮಾತ್ರೆಯೊಂದಿಗೆ ಬಂದು ಮಾತ್ರೆಯೊಂದಿಗೆ ಹೋಗುತ್ತಿತ್ತೇ?

ನಿಮ್ಮ ಮಗ ಅಂಥ ಮಾತ್ರೆ ನುಂಗಿಲ್ಲ, ಹಾಗಾಗಿ ಅಷ್ಟು ಸುಲಭಕ್ಕೆ ಬಿಡುವುದೂ ಇಲ್ಲ. ಆದರೆ ಅವನ ತಲೆಯಲ್ಲಿ ಕೆಟ್ಟಿರುವುದು ಅದೇ ಜಾಗ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಜೂಜಿನ ಚಟವನ್ನು ಮದ್ಯ, ಮಾದಕವಸ್ತುಗಳ ಚಟದ ಸಾಲಿಗೇ ಸೇರಿಸಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ ಅದಕ್ಕೆ ಅಂಥದ್ದೇ ಸ್ಥಾನವಿದೆ. ರೋಗ ಎಂದಾಕ್ಷಣ ಸರ ಅಡವಿಟ್ಟ ಕೈ ಅವನದಲ್ಲ ಎಂದಾಗುವುದಿಲ್ಲ. ಬೈದು ವಾಸಿ ಮಾಡುವಂಥದ್ದಲ್ಲ ಎಂದಷ್ಟೇ ಅದರ ಅರ್ಥ.

ರಕ್ತದ ವಿಚಾರ. ಅವಳಿಗಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಈ ಚಟಕ್ಕೆ ಬೀಳುವ ಸಾಧ್ಯತೆಯಲ್ಲಿ ವಂಶದ ಪಾಲು ಸುಮಾರು ಅರ್ಧ. ಆದರೆ ನಿಮ್ಮ ಅಪ್ಪಯ್ಯನನ್ನು ಇದರಲ್ಲಿ ಎಳೆಯಬೇಡಿ. ದೊಡ್ಡಹಬ್ಬದ ರಾತ್ರಿ ಜಗುಲಿಯ ಮೇಲೆ ಕೂತು, ಬೆಳಗಾದ ಕೂಡಲೇ ಗೋಪೂಜೆಗೆಂದು ಎದ್ದು ಹೋಗುತ್ತಿದ್ದ ಆಟ ಅದು. ಎದುರು ಕೂತವರು ನೆಂಟರು, ನೆರೆಯವರು. ಯಾರು ಎಷ್ಟು ಸೋತರೆಂದು ಒಳಗೆ ದೋಸೆ ಎರೆಯುತ್ತಿದ್ದವರಿಗೂ ಗೊತ್ತು. ಜೇಬಿನಲ್ಲಿದ್ದುದು ಮುಗಿದರೆ ಆಟ ಮುಗಿಯಿತು. ಹಬ್ಬ ಕಳೆದರೆ ಇಸ್ಪೀಟಿನ ಕಟ್ಟು ಅಟ್ಟ ಸೇರಿತು. ಆ ಆಟಕ್ಕೆ ಇಷ್ಟೊಂದು ತಡೆಗಳಿದ್ದವು. ನಿಮ್ಮ ಮಗನ ಆಟಕ್ಕೆ ಅವುಗಳಲ್ಲಿ ಒಂದೂ ಇಲ್ಲ: ಕಂಬಳಿಯೊಳಗೆ, ರಾತ್ರಿ ಎರಡಕ್ಕೆ, ಸಾಲದ ಆ್ಯಪ್ ಜೇಬು ತುಂಬಿಸುತ್ತಿರುವಾಗ, ಮುಖವಿಲ್ಲದವರೊಂದಿಗೆ. ಕೆಲವೇ ವರ್ಷಗಳ ಹಿಂದೆ ನಿಮ್ಮ ಕಡೆಯ ಮಕ್ಕಳು ಆನ್‌ಲೈನ್ ತರಗತಿಗೆಂದು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕೂರುತ್ತಿದ್ದರು. ನೆಟ್‌ವರ್ಕ್ ಬಂತೆಂದು ಎಲ್ಲರೂ ಸಂತೋಷಪಟ್ಟೆವು, ನಾನೂ ಪಟ್ಟೆ.

ಆಟದ ವೇಗ ಎಷ್ಟು ಮುಖ್ಯವೆಂದು ಲೆಕ್ಕದಲ್ಲೇ ತೋರಿಸುತ್ತೇನೆ. ಓಸಿ ಎಂದರೆ ಓಪನ್ ಮತ್ತು ಕ್ಲೋಸ್. ನ್ಯೂಯಾರ್ಕಿನಿಂದ ಮುಂಬಯಿಗೆ ಬರುತ್ತಿದ್ದ ಹತ್ತಿಯ ಆರಂಭದ ಧಾರಣೆ, ಮುಕ್ತಾಯದ ಧಾರಣೆ. ಅದರ ಮೇಲೆ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ಧಾರಣೆ ಬರುವುದು ನಿಂತಿತು, ಮಡಕೆಯಿಂದ ಚೀಟಿ ಎತ್ತುವುದು ಶುರುವಾಯಿತು, ಮಟ್ಕಾ ಆಯಿತು. ಹತ್ತಿಯ ಗಿಡವನ್ನೇ ಕಾಣದ ನಮ್ಮ ಪೇಟೆಗಳ ಬೀಡಾ ಅಂಗಡಿಗಳಲ್ಲಿ ಆ ಹೆಸರು ಇನ್ನೂ ಓಡಾಡುತ್ತಿದೆ. 00ರಿಂದ 99ರವರೆಗೆ 100 ಜೋಡಿ ಅಂಕಿಗಳು. ನಮ್ಮ ಕಡೆ ಒಂದು ರೂಪಾಯಿಗೆ 80 ರೂಪಾಯಿ ಕೊಡುತ್ತೇವೆಂದು ಬರೆಸಿಕೊಳ್ಳುತ್ತಾರೆ. ನೂರು ಜೋಡಿಗೂ ಒಂದೊಂದು ರೂಪಾಯಿ ಹಾಕಿದಿರಿ ಎನ್ನಿ, ಗೆಲುವು ಖಚಿತ: 100 ಕೊಟ್ಟು 80 ತಂದಿರಿ. ಕ್ಯಾಸಿನೊದ ರೂಲೆಟ್ ಚಕ್ರದಲ್ಲಿ 37 ಮನೆ. ಎಲ್ಲಕ್ಕೂ ಒಂದೊಂದು ಇಟ್ಟರೆ 36 ವಾಪಸು. ಅಂದರೆ ನೂರಕ್ಕೆ 2 ರೂಪಾಯಿ 70 ಪೈಸೆ ಮಾತ್ರ ಕಡಿತ. ಕ್ಯಾಸಿನೊ ಎಷ್ಟು ಪ್ರಾಮಾಣಿಕ ಎಂದು ನಿಮ್ಮ ಮಗ ಹೇಳಿರಬಹುದು.

ಆದರೆ ಓಸಿಯಲ್ಲಿ ದಿನಕ್ಕೆ 100 ರೂಪಾಯಿ ಹಾಕುವವನು ಸರಾಸರಿ 20 ಕಳೆದು ಮನೆಗೆ ಹೋಗುತ್ತಾನೆ. ರೂಲೆಟ್‌ನಲ್ಲಿ ಒಂದು ಸುತ್ತಿಗೆ 1,000 ಇಟ್ಟು ಗಂಟೆಗೆ 30 ಸುತ್ತು ಆಡುವವನ ಕೈಯಿಂದ 30,000 ರೂಪಾಯಿ ಓಡುತ್ತದೆ, ಗಂಟೆಗೆ 810 ಕರಗುತ್ತದೆ. ಇದು ಸರಾಸರಿ, ಒಂದು ದಿನ ಗೆದ್ದೂ ಬರುತ್ತಾನೆ, ಅದೇ ತೊಂದರೆ. ಮೊಬೈಲಿನಲ್ಲಿ ಒಂದು ಸುತ್ತಿಗೆ ಹತ್ತು ಸೆಕೆಂಡೂ ಬೇಡ. ಓಪನ್ ಆಗಿ ಕ್ಲೋಸ್ ಬರುವವರೆಗಿನ ಗಂಟೆಗಳಲ್ಲಿ ಮನುಷ್ಯನಿಗೆ ಹಸಿವಾಗುತ್ತಿತ್ತು, ಯಾರೋ ಕರೆಯುತ್ತಿದ್ದರು, ತಲೆ ತಣಿಯುತ್ತಿತ್ತು. ಫೋನು ನುಂಗಿಹಾಕಿದ್ದು ಆ ಗಂಟೆಗಳನ್ನು.

ಯಾವಾಗ ಗೆಲ್ಲುತ್ತೇನೆಂದು ಗೊತ್ತಿಲ್ಲದೆ ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನಕ್ಕೆ ಮಿದುಳು ಅಂಟಿಕೊಳ್ಳುವಷ್ಟು ಬಿಗಿಯಾಗಿ ದಿನಾ ಸಿಗುವ ಸಂಬಳಕ್ಕೆ ಅಂಟಿಕೊಳ್ಳುವುದಿಲ್ಲ. ಇನ್ನೊಂದು, ‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ಭಾವ. 46 ಬರೆಸಿದವನಿಗೆ 47 ಬಂದರೆ, ಗೆದ್ದಾಗ ಎಚ್ಚರಗೊಳ್ಳುವ ಮಿದುಳಿನ ಭಾಗಗಳೇ ಎಚ್ಚರಗೊಳ್ಳುತ್ತವೆ. ಚೀಟಿಯ ಲೆಕ್ಕಕ್ಕೆ 47 ಬಂದರೂ ಒಂದೇ, 03 ಬಂದರೂ ಒಂದೇ. ಅವನಿಗೆ ಮಾತ್ರ ತಾನು ಬಾಗಿಲವರೆಗೆ ಬಂದಿದ್ದೆ ಎನಿಸುತ್ತದೆ. ಆಮೇಲೆ ಶುರುವಾಗುವುದು ಹೋದದ್ದನ್ನು ಹಿಡಿಯುವ ಓಟ. ನನ್ನ ಕೋಣೆಗೆ ಬಂದವರಲ್ಲಿ ಸಿರಿವಂತನಾಗಲು ಆಡುತ್ತಿದ್ದವರು ಕಡಿಮೆ. ‘ಹೋದ ಹಣ ಬಂದರೆ ಸಾಕು, ಅಲ್ಲಿಗೇ ನಿಲ್ಲಿಸುತ್ತೇನೆ’ ಎನ್ನುವವರೇ ಬಹಳ.

ಕ್ರಿಕೆಟ್ ಬಲ್ಲೆ, ಇದು ಜಾಣತನದ ಆಟ ಎಂದು ಅವನು ವಾದಿಸಿದರೆ ಹೀಗೆ ಕೇಳಿ: ಎರಡೂ ತಂಡ ಸಮಬಲವಿದ್ದಾಗ 10 ರೂಪಾಯಿ ಕಟ್ಟಿ ಗೆದ್ದವನಿಗೆ 20 ಬರಬೇಕಲ್ಲ, 19 ಏಕೆ ಬರುತ್ತದೆ? ಅವನಿಗೆ ಗೊತ್ತಿರುವ ಪಿಚ್ಚಿನ ಗುಣ, ಬೌಲರನ ಗಾಯ ಎಲ್ಲವೂ ದರ ಇಟ್ಟವನಿಗೂ ಗೊತ್ತಿದೆ. ಅದಕ್ಕಿಂತ ಗಟ್ಟಿಯಾದ ಇನ್ನೊಂದು ವಾದವನ್ನು ಬೈತಖೋಲ್ ಬಂದರಿನ ಬೋಟಿನವರೂ ನಿಮ್ಮ ಸೀಮೆಯ ತೋಟಿಗರೂ ನನ್ನೆದುರು ಇಟ್ಟಿದ್ದಾರೆ: ‘ಡಾಕ್ಟರೇ, ನಮ್ಮ ಬದುಕೇ ಜೂಜು. ಕೊಳೆರೋಗ ಬಂದರೆ ತೋಟ ಹೋಯಿತು, ಬಲೆಗೆ ಮೀನು ಬೀಳದಿದ್ದರೆ ಡೀಸೆಲ್ ಹೋಯಿತು. ಇದೊಂದು ಹೆಚ್ಚೇ?’ ಇದನ್ನು ನಾನು ತಳ್ಳಿಹಾಕುವುದಿಲ್ಲ. ಅನಿಶ್ಚಯದಲ್ಲೇ ಬೆಳೆದವನಿಗೆ ಇನ್ನೊಂದು ಅನಿಶ್ಚಯ ಅಷ್ಟಾಗಿ ಹೆದರಿಸುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಕರಾವಳಿಯಿಂದ ನನ್ನ ಬಳಿ ಬರುವವರ ಸಂಖ್ಯೆ ಏರುತ್ತದೆ. ಕೈಯಲ್ಲಿ ಕೆಲಸವಿಲ್ಲ, ತಲೆಯಲ್ಲಿ ಸಾಲವಿದೆ. ಆದರೂ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದ ತೋಟಕ್ಕೂ ಹೊಡೆಯದ ತೋಟಕ್ಕೂ ವ್ಯತ್ಯಾಸ ಕಾಣುತ್ತದೆ, ಹತ್ತು ವರ್ಷದಲ್ಲಿ ನಾಲ್ಕು ಕೆಟ್ಟರೂ ಸಂಸಾರ ನಡೆಯುತ್ತದೆ. ಓಸಿಗೆ ಹೊಡೆಯಲು ಯಾವ ದ್ರಾವಣವೂ ಇಲ್ಲ.

ಕಾನೂನಿನ ಬಗ್ಗೆ ನಿಮಗೊಂದು ತಪ್ಪು ಸಮಾಧಾನವಿದೆ. ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು, ಜಾಣತನದ್ದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಡಿಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಆಡುವವನಿಗೆ ಅದರಲ್ಲಿ ಶಿಕ್ಷೆಯಿಲ್ಲ, ಅದು ಸರಿಯೂ ಹೌದು. ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಚಟ ನಿಲ್ಲಲಿಲ್ಲ, ದಾರಿ ಬದಲಿಸಿತು. ವಿದೇಶಿ ತಾಣಗಳ ಏಜೆಂಟರು ಟೆಲಿಗ್ರಾಂನಲ್ಲಿ ಯಾರ್ಯಾರದೋ ಖಾತೆಗೆ ಹಣ ಹಾಕಿಸಿಕೊಳ್ಳುತ್ತಾರೆ. ಸಾಲದಲ್ಲಿರುವ ಹುಡುಗರಿಂದ ಅವರ ಬ್ಯಾಂಕ್ ಖಾತೆಯನ್ನೇ ಬಾಡಿಗೆಗೆ ಪಡೆಯುವುದೂ ಉಂಟು. ಅಂಥ ಖಾತೆಗೆ ವಂಚನೆಯ ಹಣ ಬಂದರೆ ಪೊಲೀಸರು ಬರುವುದು ನಿಮ್ಮ ಅಂಗಳಕ್ಕೆ. ಇದನ್ನೊಂದು ಅವನಲ್ಲಿ ನೇರವಾಗಿ ಕೇಳಿ. ಓಸಿಯಂತೂ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿ ಮೊದಲಿನಿಂದಲೂ ಅಪರಾಧ. ಗೋವಾದ್ದು ವಿಚಿತ್ರ: 2020ರ ಫೆಬ್ರವರಿಯಿಂದ ಆ ರಾಜ್ಯ ತನ್ನ ಜನರಿಗೆ ಕ್ಯಾಸಿನೊದಲ್ಲಿ ಆಡಲು ಪ್ರವೇಶವಿಲ್ಲ ಎಂದಿದೆ. ಮಾಂಡೋವಿ ನದಿಯ ಹಡಗುಗಳಿಗೆ ಬೇಕಾಗಿರುವುದು ಕಾಳಿ ಸೇತುವೆ ದಾಟಿ ಬರುವ ನಮ್ಮ ಮಕ್ಕಳು.

ಈಗ ತೋಟದ ವಿಷಯ. ನಿಮ್ಮ ಮುಂದೆ ಮೂರು ದಾರಿಗಳಿವೆ.

ಒಂದು, ಹಿರಿಯರು ಹೇಳಿದಂತೆ ಎಲ್ಲ ಸಾಲವನ್ನೂ ಒಮ್ಮೆಲೇ ತೀರಿಸುವುದು. ಇದನ್ನು ಮಾಡಿದ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಹುಡುಗ ಕಾಲಿಗೆ ಬಿದ್ದು ಅಳುತ್ತಾನೆ. ಆ ಅಳು ಸುಳ್ಳಲ್ಲ. ಆರು ತಿಂಗಳು ದೇವರಂತೆ ಇರುತ್ತಾನೆ. ಆದರೆ ಸಾಲ ತೀರಿದ ಕೂಡಲೇ ಬ್ಯಾಂಕಿನ ದೃಷ್ಟಿಯಲ್ಲಿ ಅವನು ಮತ್ತೆ ಸಾಲಕ್ಕೆ ಯೋಗ್ಯನಾಗುತ್ತಾನೆ, ಅವನ ದೃಷ್ಟಿಯಲ್ಲಿ ಸೋತ ಹಣ ವಾಪಸು ಬಂದಂತಾಗುತ್ತದೆ. ಎಷ್ಟು ಸೋತರೂ ಕೊನೆಗೆ ತೋಟವೊಂದಿದೆ ಎಂದು ಮಿದುಳು ಕಲಿಯುತ್ತದೆ. ಇನ್ನೂ ಒಂದು ಮಾತು: 11 ಲಕ್ಷ ಎಂಬ ಅಂಕಿಯನ್ನು ನಂಬಬೇಡಿ. ಮೊದಲು ಹೇಳಿದ ಅಂಕಿಯೇ ಕೊನೆಯದ್ದಾದ ಪ್ರಕರಣ ನನ್ನ ನೆನಪಿನಲ್ಲಿ ಒಂದೂ ಇಲ್ಲ. ನಾಚಿಕೆಯಿಂದ ಮೂರನೇ ಒಂದು ಪಾಲನ್ನಾದರೂ ಬಚ್ಚಿಟ್ಟಿರುತ್ತಾರೆ. ನೀವು ತೋಟ ಮಾರಿದ ಮೇಲೆ ಆ ಪಾಲು ಹೊರಬರುತ್ತದೆ.

ಎರಡನೆಯದು ಸಿಟ್ಟಿನ ದಾರಿ: ಒಂದು ಪೈಸೆ ಕೊಡುವುದಿಲ್ಲ, ಮನೆ ಬಿಟ್ಟು ಹೋಗು. ಇದರ ಅಪಾಯವನ್ನು ಸುತ್ತಿ ಬಳಸದೆ ಹೇಳುತ್ತೇನೆ. ಜೂಜಿನ ಸಾಲದಲ್ಲಿ ಸಿಕ್ಕಿಬಿದ್ದವರಲ್ಲಿ ಆತ್ಮಹತ್ಯೆಯ ಯೋಚನೆ ಬಹಳ ಸಾಮಾನ್ಯ, ಅದೂ ಗುಟ್ಟು ಬಯಲಾದ ದಿನಗಳಲ್ಲಿ ಹೆಚ್ಚು. ನಿಮ್ಮ ಮಗ ಈಗ ಅಂಥ ದಿನಗಳಲ್ಲೇ ಇದ್ದಾನೆ. ಇಂದೇ ಕೊಟ್ಟಿಗೆಯಲ್ಲಿರುವ ಕಳೆನಾಶಕ, ಕೀಟನಾಶಕಗಳಿಗೆ ಬೀಗ ಹಾಕಿ, ಕೀಲಿ ನಿಮ್ಮ ಬಳಿ ಇರಲಿ. ‘ಸಾಯಬೇಕು ಎನಿಸುತ್ತಿದೆಯೇ’ ಎಂದು ಬಾಯಿಬಿಟ್ಟು ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಬರುತ್ತದೆ. ಹೌದು ಎಂದರೆ ಒಬ್ಬನನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆತನ್ನಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಕನ್ನಡದಲ್ಲೇ ಸಿಗುತ್ತದೆ.

ನಾನು ಹೇಳುವುದು ಮೂರನೆಯ ದಾರಿ. ಅದು ನಿಧಾನದ್ದು, ಊರಿಗೆ ಅಷ್ಟು ಚಂದ ಕಾಣುವುದಿಲ್ಲ. ಸಾಲ ಅವನದೇ ಆಗಿ ಉಳಿಯಲಿ, ಹಣ ಮಾತ್ರ ಅವನ ಕೈಯಲ್ಲಿರುವುದು ಬೇಡ.

ಒಂದು ಹಾಳೆಯ ಮೇಲೆ ಅವನ ಕೈಯಿಂದಲೇ ಎಲ್ಲ ಸಾಲ ಬರೆಸಿ. ಬ್ಯಾಂಕ್, ಕ್ರೆಡಿಟ್ ಕಾರ್ಡ್, ಆ್ಯಪ್‌ಗಳದ್ದನ್ನು ತಾಳೆ ನೋಡಲು ಸಿಬಿಲ್‌ನಂಥ ಸಂಸ್ಥೆಯಿಂದ ಅವನ ಸಾಲದ ವರದಿ ತೆಗೆಸಿ. ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕೈಸಾಲ ಅದರಲ್ಲಿ ಬರುವುದಿಲ್ಲ, ಅದನ್ನು ಅವನ ಬಾಯಿಂದಲೇ ತೆಗೆಯಬೇಕು. ಸೊಸೈಟಿಯಲ್ಲಿ ನಿಮ್ಮ ಖಾತೆ, ಪಹಣಿಯ ಋಣದ ಕಾಲಂ ಎರಡನ್ನೂ ನೋಡಿಕೊಂಡು ಬನ್ನಿ. ಮಗನ ಮೇಲೆ ಅನುಮಾನವೇ ಎಂದು ಮನಸ್ಸಿಗೆ ಚುಚ್ಚುತ್ತದೆ, ಆದರೂ ನೋಡಿ.

ಪಟ್ಟಿ ಸಿಕ್ಕ ಮೇಲೆ ವಿಂಗಡಣೆ. ಬ್ಯಾಂಕಿನವರಲ್ಲಿ ಕಂತು ಇಳಿಸಿ ಅವಧಿ ಹೆಚ್ಚಿಸಲು ಕೇಳಬಹುದು, ಬಡ್ಡಿ ಒಟ್ಟಾರೆ ಹೆಚ್ಚಾಗುತ್ತದೆ, ಆದರೂ ಸಂಬಳದಲ್ಲೇ ತೀರುತ್ತದೆ. ಬುಕ್ಕಿಗೆ ಕೊಡಬೇಕಾದ ಬಾಜಿಯ ಹಣಕ್ಕೆ 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಅವನು ನ್ಯಾಯಾಲಯಕ್ಕೆ ಹೋಗುವವನೂ ಅಲ್ಲ ಎಂಬುದು ಬೇರೆ ಮಾತು. ಮೀಟರ್ ಬಡ್ಡಿಯವರು ಮನೆಗೆ ಬಂದು ಬೆದರಿಸಿದರೆ ಸುಮ್ಮನೆ ಹಣ ಕೊಟ್ಟು ಕಳಿಸಬೇಡಿ; ಬಲವಂತದ ವಸೂಲಿಯನ್ನು ತಡೆಯಲು ರಾಜ್ಯದಲ್ಲಿ 2025ರಲ್ಲೇ ಕಾನೂನು ಬಂದಿದೆ, ಠಾಣೆಯಲ್ಲಿ ದೂರು ಕೊಡಿ. ಸಾಲದ ಆ್ಯಪ್‌ನವರು ಫೋಟೊ ತಿರುಚಿ ನೆಂಟರಿಗೆ ಕಳಿಸುವ ಬೆದರಿಕೆ ಹಾಕಿದರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯಾವುದಕ್ಕೂ ನೀವು ಹೊಸದಾಗಿ ಜಾಮೀನು ಬೀಳಬೇಡಿ. ಬೆಳೆಯ ಹಣದಿಂದ ಏನಾದರೂ ಬಿಡಿಸಲೇಬೇಕು ಎನಿಸಿದರೆ ಸರವನ್ನು ಬಿಡಿಸಿ, ಅದೊಂದು ಅವನ ಸಾಲವಲ್ಲ.

ಸಂಬಳ ಬಂದ ದಿನವೇ ಆಯಿಯ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಬರೆಸಲಿ. ಅವನ ಕೈಗೆ ಪೆಟ್ರೋಲ್, ಚಹಾದ ಖರ್ಚು ನಗದಾಗಿ. 27ರ ಗಂಡಸಿಗೆ ಇದು ಅವಮಾನ ನಿಜ, ಹಾಗಾಗಿ ಅವನ ಒಪ್ಪಿಗೆಯಿಂದ, ಒಂದು ವರ್ಷದ ಗಡುವಿನೊಂದಿಗೆ ಆಗಬೇಕು. ಕಿತ್ತುಕೊಂಡರೆ ಇನ್ನೊಂದು ಸಿಮ್ ಬರುತ್ತದೆ.

ಚಿಕಿತ್ಸೆಗೆ ಬಂದರೆ, ಜೂಜು ಬಿಡಿಸುವ ಮಾತ್ರೆ ಎಂದು ಯಾವುದೂ ಇಲ್ಲ. ಮದ್ಯದ ಚಟಕ್ಕೆ ಕೊಡುವ ನಾಲ್ಟ್ರೆಕ್ಸೋನ್ ಕೆಲವರಲ್ಲಿ ತುಡಿತ ತಗ್ಗಿಸುತ್ತದೆ. ಜೊತೆಗೆ ಖಿನ್ನತೆಯಿದ್ದರೆ ಅದಕ್ಕೆ ಬೇರೆ ಔಷಧ. ಹೆಚ್ಚು ಫಲ ಕೊಡುವುದು ಸಿಬಿಟಿ ಎನ್ನುವ ಮಾತಿನ ಚಿಕಿತ್ಸೆ, ವಾರಕ್ಕೊಮ್ಮೆಯಂತೆ ಕೆಲವು ತಿಂಗಳು. ಅದರಲ್ಲಿ ಅವನು 46–47ರ ಮೋಸವನ್ನು ತಾನೇ ಬಿಡಿಸಿ ನೋಡುತ್ತಾನೆ, ಯಾವ ಹೊತ್ತಿಗೆ, ಯಾವ ಮನಸ್ಥಿತಿಯಲ್ಲಿ ಕೈ ಫೋನಿಗೆ ಹೋಗುತ್ತದೆ ಎಂದು ಗುರುತಿಸುತ್ತಾನೆ. ನಿಮ್ಮ ಮಗನ ವಿಷಯದಲ್ಲಿ ಆ ಹೊತ್ತು ಯಾವುದಿರಬಹುದು ಎಂದು ಊಹಿಸಬಲ್ಲೆ. ಓರಗೆಯವರೆಲ್ಲ ಬೆಂಗಳೂರು ಸೇರಿದ ಹಳ್ಳಿ, ಸಂಜೆ ಆರಕ್ಕೆ ಮುಚ್ಚುವ ಲ್ಯಾಪ್‌ಟಾಪ್, ಮಾತನಾಡಲು ಅಪ್ಪ, ಆಯಿ, ಅಡಿಕೆ ಕೊನೆ ಇಳಿಸುವ ಕೊನೆಗೌಡ. ಒಂದೆರಡು ಸಲ ಜಾರುತ್ತಾನೆ, ಐಪಿಎಲ್ ತಿಂಗಳುಗಳಲ್ಲಿ ವಿಶೇಷವಾಗಿ. ಜಾರಿದ್ದನ್ನು ಅಂದೇ ಬಂದು ಹೇಳಿದರೆ ಚಿಕಿತ್ಸೆ ಹಿಡಿಯುತ್ತಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಪಾಸಣೆ ನಡೆಯುತ್ತದೆ. ಶಿರಸಿಯಲ್ಲಿ ದಿನ ವಿಚಾರಿಸಿಕೊಂಡು ಹೋಗಿ. ಕೆಲಸ ಬೆಂಗಳೂರಿನದ್ದಾದ್ದರಿಂದ ಅಲ್ಲಿಗೆ ಹೋದಾಗ ನಿಮ್ಹಾನ್ಸ್‌ನಲ್ಲಿ 2014ರಿಂದ ಇರುವ ‘ಶಟ್’ ಕ್ಲಿನಿಕ್ಕಿಗೂ ತೋರಿಸಬಹುದು, ಮೊಬೈಲ್ ಮತ್ತು ಆಟಗಳ ಚಟಕ್ಕೆಂದೇ ಅದು ಇರುವುದು.

ಮದುವೆಯ ಬಗ್ಗೆ ಎರಡೇ ಮಾತು. ತೋಟಿಗರ ಮನೆಯ ಹುಡುಗರಿಗೆ ಹೆಣ್ಣು ಸಿಗುವುದೇ ಕಷ್ಟವಾಗಿರುವ ಕಾಲದಲ್ಲಿ ಬಂದ ಸಂಬಂಧ ಬಿಡಲು ನಿಮಗೆ ಸಂಕಟವಾಗುತ್ತದೆ. ಆದರೆ ಸಾಲದ ಪಟ್ಟಿಯನ್ನು ಹುಡುಗಿಯ ಮುಂದಿಡದೆ ಮದುವೆ ಮಾಡಿದರೆ, ಮುಂದೆ ಅಡವಿಗೆ ಹೋಗುವುದು ಅವಳ ಕರಿಮಣಿ. ಒಂದು ವರ್ಷ ಕಾಯಿರಿ.

ಇನ್ನು ಆಯಿಗೆ ಹೇಳಿಲ್ಲ ಎಂದಿದ್ದೀರಿ. ಅಣ್ಣನ ಮನೆಯೋ ತಮ್ಮನ ಮನೆಯೋ, ತವರಿನ ಉಪನಯನಕ್ಕೆ ಎರಡೆಳೆ ಸರ ಬಿಟ್ಟು ಹೋಗುವಷ್ಟು ಸೆಖೆ ಶಿರಸಿಯಲ್ಲಿ ಇರುವುದಿಲ್ಲ. ಸರ ಇಲ್ಲದ್ದನ್ನು ಅವರು ಕಪಾಟು ತೆರೆದು ನೋಡಿ ಎಷ್ಟೋ ದಿನವಾಗಿದೆ. ನಿಮಗೆ ಆಘಾತವಾದೀತೆಂದು ಅವರು ಮುಚ್ಚಿಟ್ಟಿದ್ದಾರೆ, ಅವರಿಗೆ ಆದೀತೆಂದು ನೀವು. ಇಂದು ರಾತ್ರಿ ಊಟವಾದ ಮೇಲೆ ಹೇಳಿಬಿಡಿ. ಆಸ್ಪತ್ರೆಗೆ ಮೂವರೂ ಬನ್ನಿ, ಆ ಹಾಳೆಯನ್ನು ಮರೆಯದೆ ತನ್ನಿ.